ಮುರುಡೇಶ್ವರ: ಮೊದಲು ಒಳಗಿನ ಲಿಂಗ, ಆಮೇಲೆ ಹೊರಗಿನ ಶಿವ

ಹರಕೆ ಹೊತ್ತು ಮುರುಡೇಶ್ವರಕ್ಕೆ ಬಂದವರಲ್ಲೂ ಎಷ್ಟೋ ಮಂದಿ ದೊಡ್ಡ ಶಿವನ ಮುಂದೆ ಫೋಟೊ ತೆಗೆಸಿಕೊಂಡು, ಗೋಪುರದ ಲಿಫ್ಟಿಗೆ ಸಾಲು ನಿಂತು, ಗರ್ಭಗುಡಿಗೆ ಬರುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕಿರುತ್ತದೆ. ಹರಕೆ ಸಲ್ಲುವುದು ಒಳಗಿನ ಲಿಂಗಕ್ಕೆ. ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗಬೇಕು.

ಗೋಕರ್ಣದಲ್ಲಿ ನೆಲ ಕಚ್ಚಿದ ಆತ್ಮಲಿಂಗವನ್ನು ಕೀಳಲಾಗದೆ ರಾವಣ ಸಿಟ್ಟಿನಿಂದ ಎಸೆದ ಹೊದಿಕೆಯ ಬಟ್ಟೆ ಈ ಕಂದುಕಗಿರಿಯ ಮೇಲೆ ಬಿತ್ತೆಂಬುದು ಸ್ಥಳಪುರಾಣ. ಸಜ್ಜೇಶ್ವರ, ಗುಣವಂತೆ, ಧಾರೇಶ್ವರದ ಶಿವಕ್ಷೇತ್ರಗಳಿಗೂ ಇದೇ ಕಥೆಯ ನಂಟು. ಇಲ್ಲಿನ ಲಿಂಗ ನೆಲಮಟ್ಟಕ್ಕಿಂತ ಸುಮಾರು 2 ಅಡಿ ಕೆಳಗಿರುವ ಒರಟು ಕಲ್ಲು. ಸುಮ್ಮನೆ ಇಣುಕಿದರೆ ಕತ್ತಲೆಯೇ ಕಂಡೀತು. ಅಭಿಷೇಕದಂಥ ಸೇವೆ ಮಾಡಿಸಿದವರು ಹೊಸ್ತಿಲ ಬಳಿ ನಿಂತಾಗ ಅರ್ಚಕರು ಎಣ್ಣೆದೀಪವನ್ನು ಹತ್ತಿರ ಹಿಡಿಯುತ್ತಾರೆ. ಆಗ ಕಲ್ಲಿನ ಮೈ ಕಾಣುತ್ತದೆ.

ಬಿಲ್ವ ಒಯ್ಯುವವರು ಒಂದೇ ತೊಟ್ಟಿನ ಮೂರೆಲೆಯ, ಹುಳು ಕೊರೆಯದ ದಳವನ್ನೇ ಆರಿಸಿ. ನುಣುಪು ಮುಖ ಲಿಂಗಕ್ಕೆ ತಾಗುವಂತೆ ಮಗುಚಿ ಏರಿಸುವುದು ವಾಡಿಕೆ. ಶಿವರಾತ್ರಿಯ ನೂಕುನುಗ್ಗಲಲ್ಲಿ ಬಿಲ್ವ ಸಾಲದಾದರೆ ಚಿಂತೆಯಿಲ್ಲ, ಏರಿಸಿದ್ದನ್ನೇ ತೊಳೆದು ಮತ್ತೆ ಏರಿಸಬಹುದು. ಬಿಲ್ವಕ್ಕೆ ನಿರ್ಮಾಲ್ಯದೋಷವಿಲ್ಲ.

ಇನ್ನು ಹೊರಗಿನ ಶಿವ. 123 ಅಡಿ ಎತ್ತರ. ಉದ್ಯಮಿ ಆರ್. ಎನ್. ಶೆಟ್ಟಿಯವರು ಮಾಡಿಸಿದ್ದು, ಶಿವಮೊಗ್ಗದ ಶಿಲ್ಪಿ ಕಾಶೀನಾಥ ಮತ್ತು ಅವರ ಮಗ ಶ್ರೀಧರ ಜೊತೆಗಾರರೊಂದಿಗೆ ಸುಮಾರು 2 ವರ್ಷ ದುಡಿದರು. ಮೂರು ಕಡೆ ಅರಬ್ಬಿ ಸಮುದ್ರ ಸುತ್ತಿರುವ ಗುಡ್ಡದ ಮೇಲೆ ಕಾಂಕ್ರೀಟಿನ ಮೂರ್ತಿಗೆ ದೊಡ್ಡ ಶತ್ರು ಉಪ್ಪುಗಾಳಿ. ಕೂದಲೆಳೆಯಷ್ಟು ಬಿರುಕು ಸಾಕು, ಉಪ್ಪುನೀರು ಒಳಗಿನ ಕಬ್ಬಿಣಕ್ಕೆ ತಲುಪುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಮೇಲಿನ ಕಾಂಕ್ರೀಟನ್ನು ಚಕ್ಕೆ ಎಬ್ಬಿಸುತ್ತದೆ. ಹಾಗಾಗಿ ಬಿರುಕು ತುಂಬಿ ಬಣ್ಣ ಬಳಿಯುವುದು ಬರೀ ಅಲಂಕಾರವಲ್ಲ. ಅದೂ ಒಂದು ಸೇವೆಯೇ ಅನ್ನಬೇಕು.

ಮೂರ್ತಿಯ ಅಡಿಯ ಗುಹೆಯಲ್ಲಿ ಆತ್ಮಲಿಂಗದ ಕಥೆಯನ್ನೇ ಗೊಂಬೆಗಳಲ್ಲಿ ನಿಲ್ಲಿಸಿದ್ದಾರೆ. ಮಕ್ಕಳಿದ್ದರೆ ಬಿಡಬೇಡಿ. ಶಿವನ ಇಡೀ ರೂಪ ನೋಡಲು 237 ಅಡಿಯ ರಾಜಗೋಪುರವೇ ಸರಿ, ಬುಡದಲ್ಲಿ ನಿಂತರೆ ಕತ್ತು ನೋವೇ ಲಾಭ. ಮಧ್ಯಾಹ್ನ ಬರಿಗಾಲಿಗೆ ಮೆಟ್ಟಿಲು ಸುಡುತ್ತದೆ. ಮಳೆಗಾಲದಲ್ಲಿ ಸಮುದ್ರಸ್ನಾನದ ಹಟ ಬೇಡ, ಸೆಳೆತ ಜೋರು. ಕಾಲು ತೋಯಿಸಿ ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು.