ಮೂವರು ಪೋಪರ ತಕರಾರು ಮುಗಿದ ಉಗ್ರಾಣ

ಜೂರಿಕ್‌ನಿಂದ ನೇರ ರೈಲು ಹಿಡಿದು ಜರ್ಮನಿಯ ಕೊನ್‌ಸ್ಟಾಂಜ್‌ನಲ್ಲಿ ಇಳಿದರೆ, ನಿಲ್ದಾಣದ ಪಕ್ಕದಲ್ಲೇ, ಸರೋವರದ ದಂಡೆಯಲ್ಲಿ ಭಾರಿ ಚಾವಣಿಯ ಕಟ್ಟಡವೊಂದಿದೆ. 1388ರಲ್ಲಿ ಸರಕು ಇಡಲು ಕಟ್ಟಿದ ಉಗ್ರಾಣ ಅದು. ಊರಿನಿಂದ ಬಂದವರು ಬಂದರಿನ ಫೋಟೊ ತೆಗೆದು ಮುಂದೆ ಸಾಗುತ್ತಾರೆ. ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಜರ್ಮನ್ ನೆಲದಲ್ಲಿ ನಡೆದ ಏಕೈಕ ಪೋಪ್ ಆಯ್ಕೆ ಈ ಕಟ್ಟಡದಲ್ಲೇ ಆದದ್ದು.

ತಕರಾರು ಶುರುವಾದದ್ದು 1378ರಲ್ಲಿ. 11ನೇ ಗ್ರೆಗರಿ ತೀರಿಕೊಂಡಾಗ ರೋಮಿನ ಜನ ತಮ್ಮವನೇ ಪೋಪ್ ಆಗಬೇಕೆಂದು ಬೀದಿಗಿಳಿದರು. ಪೋಪ್‌ನನ್ನು ಆರಿಸುವ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳು ಇಟಲಿಯ ಬಾರಿ ಊರಿನ ಆರ್ಚ್‌ಬಿಷಪ್‌ನನ್ನು ಆರಿಸಿದರು. ಆತನೇ 6ನೇ ಅರ್ಬನ್. ಪಟ್ಟಕ್ಕೇರಿದ ಮೇಲೆ ಆತ ಹರಿಹಾಯ್ದದ್ದು ಆರಿಸಿದವರ ಮೇಲೇ. ಸೆಪ್ಟೆಂಬರಿನಲ್ಲಿ ಅವರು ಇಟಲಿಯದೇ ಫೋಂದಿ ಊರಿನಲ್ಲಿ ಸೇರಿ, ಮೊದಲ ಆಯ್ಕೆ ಜನರ ಭಯದಿಂದ ಆದದ್ದು, ಅದು ಸಿಂಧುವಲ್ಲ ಎಂದು 7ನೇ ಕ್ಲೆಮೆಂಟ್‌ಗೆ ಪಟ್ಟ ಕಟ್ಟಿದರು. ಇಬ್ಬರನ್ನೂ ಆರಿಸಿದ್ದು ಹೆಚ್ಚುಕಡಿಮೆ ಅದೇ ಮಂದಿ. ಅಸಲಿ ಯಾರೆಂದು ಹೇಳಲು ಪೋಪ್‌ಗಿಂತ ಮೇಲಿನ ನ್ಯಾಯಾಧೀಶನೇ ಇರಲಿಲ್ಲ.

ಇದನ್ನು ಬಗೆಹರಿಸಲು ಇಟಲಿಯ ಪೀಸಾದಲ್ಲಿ 1409ರಲ್ಲಿ ಸೇರಿದ ಚರ್ಚಿನ ಹಿರಿಯರ ಸಭೆ, ಎರಡೂ ಕಡೆಯವರು ಪೀಠ ಬಿಡುವ ಮೊದಲೇ 5ನೇ ಅಲೆಕ್ಸಾಂಡರ್‌ನನ್ನು ಕೂರಿಸಿತು. ಇಬ್ಬರಿದ್ದವರು ಮೂವರಾದರು.

1414ರಲ್ಲಿ ಸೇರಿದ ಕೊನ್‌ಸ್ಟಾಂಜ್ ಸಭೆ ಮೊದಲು ಪೀಠ ಖಾಲಿ ಮಾಡಿಸಿತು. ಅಲೆಕ್ಸಾಂಡರ್ ನಂತರ ಬಂದಿದ್ದ 23ನೇ ಜಾನ್, 1415ರ ಮಾರ್ಚ್ 20ರಂದು ವೇಷ ಮರೆಸಿಕೊಂಡು ಓಡಿಹೋದ. ತಾನಿಲ್ಲದೆ ಸಭೆ ಚದುರುತ್ತದೆ ಎಂಬ ಲೆಕ್ಕ. ಸಭೆ ಚದುರಲಿಲ್ಲ. ತನ್ನ ಅಧಿಕಾರ ನೇರ ಕ್ರಿಸ್ತನಿಂದ ಬಂದದ್ದು, ಪೋಪ್ ಕೂಡ ಅದಕ್ಕೆ ಬದ್ಧ ಎಂದು ಸಾರಿ ಮೇ 29ರಂದು ಅವನನ್ನು ಇಳಿಸಿತು. 6ನೇ ಅರ್ಬನ್‌ನ ಸಾಲಿನಲ್ಲಿ ಬಂದ ರೋಮಿನ 12ನೇ ಗ್ರೆಗರಿ, ಸಭೆಯನ್ನು ತನ್ನ ಹೆಸರಿನಲ್ಲಿ ಮತ್ತೊಮ್ಮೆ ಕರೆಸಿ, ಜುಲೈ 4ರಂದು ರಾಜೀನಾಮೆ ಕೊಟ್ಟ. ರೋಮಿನ ಸಾಲಿನ ಮರ್ಯಾದೆ ಉಳಿದದ್ದು ಈ ಒಂದು ಹೆಜ್ಜೆಯಿಂದ ಎಂಬುದು ನನ್ನ ಅಭಿಪ್ರಾಯ. 7ನೇ ಕ್ಲೆಮೆಂಟ್‌ನ ಸಾಲಿನಲ್ಲಿ ಬಂದ ಸ್ಪೇನಿನ 13ನೇ ಬೆನೆಡಿಕ್ಟ್ ಮಾತ್ರ ಜಗ್ಗಲಿಲ್ಲ. ಬೆಂಬಲಕ್ಕಿದ್ದ ರಾಜರು ಕೈಬಿಟ್ಟ ಮೇಲೆ, 1417ರ ಜುಲೈನಲ್ಲಿ ಅವನನ್ನೂ ಇಳಿಸಲಾಯಿತು.

ಆಮೇಲೆ ಈ ಉಗ್ರಾಣದಲ್ಲಿ ಮತದಾನ. 23 ಕಾರ್ಡಿನಲ್‌ಗಳು, ಇಟಲಿ, ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್, ಸ್ಪೇನ್ ಬಣಗಳಿಂದ ತಲಾ ಆರು ಮಂದಿ, ಒಟ್ಟು 53. ಕಾರ್ಡಿನಲ್‌ಗಳಲ್ಲಿ ಮೂರನೇ ಎರಡರಷ್ಟು, ಜೊತೆಗೆ ಪ್ರತಿಯೊಂದು ಬಣದಲ್ಲೂ ಕನಿಷ್ಠ ನಾಲ್ಕು ಮತ ಬೇಕು. ಯಾವ ಬಣದಲ್ಲಾದರೂ ಮೂವರು ಒಪ್ಪದಿದ್ದರೆ ಆಯ್ಕೆ ಬಿದ್ದುಹೋಗುತ್ತಿತ್ತು. ಗೆದ್ದವನನ್ನು ನಾಳೆ ಯಾವ ದೇಶವೂ ತಳ್ಳಿಹಾಕಬಾರದು ಎಂದೇ ಇಷ್ಟು ಬಿಗಿ. ನವೆಂಬರ್ 11ರಂದು ಒದ್ದೋನೆ ಕೊಲೊನ್ನಾ ಗೆದ್ದು 5ನೇ ಮಾರ್ಟಿನ್ ಆದ.

ಪೋಪರ ಪಟ್ಟಿ ಓದುವಾಗ ಒಂದು ಎಚ್ಚರ. ಚರ್ಚು ಲೆಕ್ಕಕ್ಕೆ ಹಿಡಿಯುವುದು ರೋಮಿನ ಸಾಲನ್ನು ಮಾತ್ರ. ಹಾಗಾಗಿ 7ನೇ ಕ್ಲೆಮೆಂಟ್ 1523ರಲ್ಲಿ, 13ನೇ ಬೆನೆಡಿಕ್ಟ್ 1724ರಲ್ಲಿ, 23ನೇ ಜಾನ್ 1958ರಲ್ಲಿ ಎಂದು ಅದೇ ಹೆಸರಿನ ಬೇರೆಯವರು ಮತ್ತೆ ಸಿಗುತ್ತಾರೆ. 5ನೇ ಅಲೆಕ್ಸಾಂಡರ್ ಮಾತ್ರ ಹಾಗೆ ಮರಳಲಿಲ್ಲ. 1492ರಲ್ಲಿ ಬಂದವನು 6ನೇ ಅಲೆಕ್ಸಾಂಡರ್ ಎಂದೇ ಕರೆದುಕೊಂಡ.