ಸೊಕೋತ್ರಾ ನಕ್ಷೆ, ಏಳನೇ ವಾರ: ಮೇಲಿನ ಜಾಗ ಇನ್ನೂ ಖಾಲಿ

ಕಡಲ ಗೆರೆ ಮುಗಿಯಿತು. ಬೆಟ್ಟಗಳಿಗೆ ಕಂದು ಬಣ್ಣ ಹಚ್ಚಿಯಾಯಿತು. ಆದರೆ ಹಾಳೆಯ ಮೇಲ್ಗಡೆ ದ್ವೀಪದ ಹೆಸರು ಬರಬೇಕಾದ ಜಾಗ ಹಾಗೇ ಬಿದ್ದಿದೆ.

ಹೊಸದಾಗಿ ಓದುವವರಿಗೆ: ಯೆಮೆನ್‌ಗೆ ಸೇರಿದ ಸೊಕೋತ್ರಾ ದ್ವೀಪದ ನಕ್ಷೆಯನ್ನು ಕೈಯಲ್ಲೇ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರತಿ ಹೆಸರಿನ ಕೆಳಗೆ ಸಣ್ಣದಾಗಿ ಅದರ ಅರ್ಥ. ಗೆರೆ ಎಳೆಯುವುದೇ ಕಷ್ಟ ಅಂದುಕೊಂಡಿದ್ದೆ!

ಮೊದಲ ವಾರವೇ ಪೆನ್ಸಿಲ್‌ನಲ್ಲಿ 'ದ್ವೀಪ ಸುಖಾಧಾರ' ಅಂತ ಬರೆದುಬಿಟ್ಟಿದ್ದೆ. ಸುಖಕ್ಕೆ ಆಧಾರವಾದ ದ್ವೀಪ. ಕಿವಿಗೆ ಎಷ್ಟು ಹಿತ, ಅಲ್ವಾ? ಒಂದನೇ ಶತಮಾನದ ಗ್ರೀಕ್ ಕಡಲಯಾನದ ಕೈಪಿಡಿ 'ಪೆರಿಪ್ಲಸ್' ಈ ದ್ವೀಪವನ್ನು ದಿಯೊಸ್ಕೊರಿದಾ ಅನ್ನುತ್ತದೆ. ಅದು ಈ ಸಂಸ್ಕೃತ ಹೆಸರಿನಿಂದಲೇ ಬಂತು ಅನ್ನುವುದು ಹಳೆಯ ವಾದ. ಭಾರತೀಯರು ಅಲ್ಲಿಗೆ ಹೋಗಿದ್ದಂತೂ ನಿಜ. ಹೋಕ್ ಗವಿಯೊಳಗೆ ಸುಮಾರು 200 ಬರಹಗಳು ಸಿಕ್ಕಿವೆ, ಹೆಚ್ಚಿನವು ಬ್ರಾಹ್ಮಿ ಲಿಪಿಯಲ್ಲಿ. ಭರುಕಚ್ಛದಿಂದ, ಅಂದರೆ ಇವತ್ತಿನ ಭರೂಚ್‌ನಿಂದ ಬಂದ ನಾವಿಕರೂ ಅಲ್ಲಿ ತಮ್ಮ ಹೆಸರು ಗೀಚಿದ್ದಾರೆ. ಆದರೆ ಗೋಡೆಗೆ ತಮ್ಮ ಹೆಸರು ಬರೆದವರೇ ಊರಿಗೂ ಹೆಸರಿಟ್ಟರು ಅನ್ನೋಕಾಗುತ್ತಾ?

ಎರಡನೆಯ ವಾದ ಅರಬ್ಬಿಯದು. ಸೂಕ್ ಅಂದರೆ ಸಂತೆ, ಕತ್ರಾ ಅಂದರೆ ಹನಿ. ಹನಿಗಳ ಸಂತೆ. ಯಾವ ಹನಿ? ಅಲ್ಲಿನ ಕೊಡೆಯಾಕಾರದ ಡ್ರ್ಯಾಗನ್ ಬ್ಲಡ್ ಮರದ ಕೆಂಪು ಅಂಟು. ಮರದಿಂದ ಹನಿಹನಿಯಾಗಿ ಅದನ್ನು ಕೂಡಿಸುವ ವಿಷಯ ಪೆರಿಪ್ಲಸ್‌ನಲ್ಲೂ ಇದೆ. ಸಾಲದ್ದಕ್ಕೆ ರಾಜಧಾನಿ ಹದಿಬೋ ಪಕ್ಕದಲ್ಲೇ ಸೂಕ್ ಅನ್ನುವ ಊರು ಬೇರೆ ಇದೆ. 1507ರಲ್ಲಿ ಪೋರ್ಚುಗೀಸರು ಹಿಡಿದದ್ದು ಅದನ್ನೇ. ಇಷ್ಟು ಚೆಂದಕ್ಕೆ ಕೂತರೆ ನನಗೆ ಅನುಮಾನ ಜಾಸ್ತಿ. ಸೂಕ್ ಕೊನೆಗೊಂದು ಕಾಫ್ ಅಕ್ಷರ, ಕತ್ರಾ ಮೊದಲಿಗೊಂದು ಕಾಫ್. ದ್ವೀಪದ ಅರಬ್ಬಿ ಹೆಸರಿನಲ್ಲಿರುವುದು ಒಂದೇ.

ಮೂರನೆಯದು ದಕ್ಷಿಣ ಅರೇಬಿಯಾದ ಹಳೆಯ ಶಾಸನಗಳಲ್ಲಿ ಕಾಣುವ ಹೆಸರು: ಸ-ಕ-ರ-ದ. ಆ ಲಿಪಿಯಲ್ಲಿ ಇಂಥ ಕಡೆ ಸ್ವರಗಳನ್ನು ಬರೆಯುವುದಿಲ್ಲ. ಅದರ ಮುಂದೆ 'ಧೂ' ('ಇದಕ್ಕೆ ಸೇರಿದ' ಅನ್ನುವಂಥ ಪದ) ಸೇರಿಸಿ 'ಧೂ ಸಕೂರಿದ್' ಅಂತ ಓದಿ, ಗ್ರೀಕ್ ಹೆಸರು ಅಲ್ಲಿಂದ ಬಂತು ಅನ್ನುತ್ತಾರೆ ಕೆಲವು ವಿದ್ವಾಂಸರು. ಗ್ರೀಕರಿಗೆ ದಿಯೊಸ್ಕೂರಿ ಅಂದರೆ ನಾವಿಕರನ್ನು ಕಾಯುವ ಅವಳಿ ದೇವರು. ಗೊತ್ತಿಲ್ಲದ ಹೆಸರನ್ನು ಗೊತ್ತಿರುವ ಹೆಸರಿನ ಹಾಗೆ ಕೇಳಿಸಿಕೊಳ್ಳುವುದು ಎಲ್ಲರ ಚಾಳಿ.

ಭಾನುವಾರ ಟ್ರೇಸಿಂಗ್ ಪೇಪರ್ ಮೇಲೆ ವ್ಯಂಜನಗಳನ್ನಷ್ಟೇ ಒಂದರ ಕೆಳಗೊಂದು ಬರೆದೆ. ದಿಯೊಸ್ಕೊರಿದಾ: ದ, ಸ, ಕ, ರ, ದ. ಧೂ ಸಕೂರಿದ್: ಧ, ಸ, ಕ, ರ, ದ. ಬೆರಳಿಟ್ಟು ಇಳಿಸಿದರೆ ಎಲ್ಲೂ ಎಡವುವುದಿಲ್ಲ. ದ್ವೀಪ ಸುಖಾಧಾರದಲ್ಲಿ ಕೊನೆಗೆ ಧ ಮೊದಲು, ರ ಆಮೇಲೆ. ಅಲ್ಲಿಗೆ ಸಂಸ್ಕೃತ ಸೋತಿತು ಅಂತ ರಬ್ಬರ್ ಎತ್ತಿಕೊಂಡೆ. ಅಷ್ಟರಲ್ಲಿ ಇವತ್ತಿನ ಹೆಸರನ್ನೂ ಬರೆದು ನೋಡಿದೆ. ಸೊಕೋತ್ರಾ: ಸ, ಕ, ತ, ರ. ಇಲ್ಲಿ ರ ಕೊನೆಗೇ ಬರುತ್ತದೆ! ಬಾಯಿಂದ ಬಾಯಿಗೆ ಹೋಗುವಾಗ ಅಕ್ಷರ ಅದಲುಬದಲಾಗುವುದು ಹೊಸದೇನಲ್ಲ, ಆದರೂ ರಬ್ಬರ್ ಕೆಳಗಿಟ್ಟೆ.

ಸಣ್ಣ ಹೆಸರುಗಳಲ್ಲೂ ಪೇಚಾಟ ಇದೆ. ಜನ ಆಡುವ ಸೊಕೋತ್ರಿ ಅರಬ್ಬಿಯಲ್ಲ, ಬೇರೆಯೇ ಭಾಷೆ. ಸುಮಾರು 1,500 ಮೀಟರ್ ಎತ್ತರದ ಬೆಟ್ಟಸಾಲು ಅರಬ್ಬಿಯಲ್ಲಿ ಹಜ್‌ಹಿರ್, ಸೊಕೋತ್ರಿಯಲ್ಲಿ ಹಗ್ಗೆಹೆರ್. ಗ-ಕಾರದ್ದನ್ನೇ ಬರೆದೆ, ಬೆಟ್ಟ ಅವರದು. ಪಶ್ಚಿಮದ ಸಮ್ಹಾ, ದರ್ಸಾ ದ್ವೀಪಗಳಿಗೆ 'ಸಹೋದರರು' ಅನ್ನುತ್ತಾರೆ. ಅವಳಿ ದೇವರು ಇವರೇ ಅಂತ ಒಂದು ಸಂಜೆಯೆಲ್ಲ ಕುಣಿದಾಡಿದೆ. ಬೆಳಿಗ್ಗೆ ನೋಡಿದರೆ ಸುಮ್ನೆ ಊಹೆ, ಆಧಾರ ಸೊನ್ನೆ. ಸಾಬೂನಿಯಾ ಅನ್ನುವ ಬಂಡೆಯಲ್ಲಿ ಮಾತ್ರ ತಲೆನೋವಿಲ್ಲ. ಅರಬ್ಬಿಯ ಸಾಬೂನೇ ನಮ್ಮ ಸಾಬೂನು.

ಸದ್ಯಕ್ಕೆ ಮೇಲೆ 'ಸೊಕೋತ್ರಾ' ಅಂತ ಮಸಿಯಲ್ಲಿ ಬರೆದು, ಕೆಳಗೆ ಮೂರು ಸಾಲಿನಷ್ಟು ಜಾಗ ಬಿಡುತ್ತೇನೆ. ಸ-ಕ-ರ-ದ ಮೊದಲ ಸಾಲಿಗೆ, ಸುಖಾಧಾರ ಎರಡಕ್ಕೆ, ಹನಿಗಳ ಸಂತೆ ಮೂರಕ್ಕೆ. ಮೂರೂ ಪೆನ್ಸಿಲ್‌ನಲ್ಲೇ. ಮುಂದಿನ ವಾರ ದಕ್ಷಿಣದ ನೊಗೆದ್ ಬಯಲು.