ಹಂಚಿನ ಮೇಲಿನ 1865: ಹುಡುಕಾಟ ಎಲ್ಲಿಯವರೆಗೆ ಬಂತು

ಮೇ ತಿಂಗಳ ಮೊದಲ ವಾರ. ಬಂಟ್ವಾಳದ ಹತ್ತಿರ ಇರುವ ಅಜ್ಜನ ಮನೆಯ ಮಾಡು, ಅಂದರೆ ಹಂಚಿನ ಛಾವಣಿ, ಬಿಚ್ಚಿದರು. ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ರೀಪುಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಮಳೆಗಾಲದ ಮೊದಲು ಶೀಟ್ ಹಾಕಿಸಬೇಕೆಂದು ಮಾವನಿಗೆ ಗಡಿಬಿಡಿ. ನಾನು ಅಂಗಳದಲ್ಲಿ ಪೇರಿಸಿಟ್ಟ ಹಂಚೊಂದನ್ನು ಸುಮ್ನೆ ತಿರುಗಿಸಿ ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಎಂದಿತ್ತು. ಜೊತೆಗೆ 1865.

ನೂರೈವತ್ತು ವರ್ಷ ದಾಟಿದ ಹಂಚು! ಫೋಟೋ ಮೇಲೆ ಫೋಟೋ ತೆಗೆದೆ. “ಎಂತ ಮಾರಾಯ, ಒಡೆದ ಹಂಚಿಗೆ ಇಷ್ಟು ಫೋಟೋವಾ?” ಎಂದರು ಮಾವ. ಬೆಂಗಳೂರಿಗೆ ವಾಪಸು ಬರುವಾಗ ಮೂರು ಹಂಚು ಬ್ಯಾಗಿನಲ್ಲಿದ್ದವು. ನಮ್ಮ ಮನೆ ಎಷ್ಟು ಹಳೆಯದು ಎಂದು ಇನ್ನು ಆನ್‌ಲೈನಿನಲ್ಲೇ ಪತ್ತೆ ಮಾಡಿಬಿಡುತ್ತೇನೆ ಅಂತ ಹೊರಟೆ.

ಮೊದಲು ಸಿಕ್ಕಿದ್ದು ಸುಲಭದ ಸಂಗತಿಗಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನಿನವರು ಈ ಕರಾವಳಿಗೆ ಬಂದದ್ದು 1834ರಲ್ಲಿ. 1841ರಲ್ಲಿ ಮಂಗಳೂರಿನಲ್ಲಿ ಪ್ರೆಸ್ ತೆರೆದರು. ಮತಾಂತರವಾದವರನ್ನು ಜಾತಿಯವರು ಹೊರಗಿಟ್ಟಾಗ ಅವರ ಕಸುಬೂ ಹೋಗುತ್ತಿತ್ತು. ಅವರಿಗೆ ಕೆಲಸ ಬೇಕಿತ್ತು. ನೇಯ್ಗೆ, ಮುದ್ರಣ, ಕೊನೆಗೆ ಹಂಚು. ಪ್ರೆಸ್ಸಿನಲ್ಲಿದ್ದ ಪ್ಲೆಬ್ಸ್ಟ್ ಎಂಬ ಮಿಶನರಿ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಈ ಹಂಚಿನ ಮೂಲ ಮಂಗಳೂರು ಅಲ್ಲ. ಫ್ರಾನ್ಸಿನ ಅಲ್ಸೇಸ್‌ನ ಗಿಲಾರ್ಡೋನಿ ಸಹೋದರರು 1841ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದರು. ಮಣ್ಣು ಮಾತ್ರ ನಮ್ಮದೇ, ನೇತ್ರಾವತಿ ದಂಡೆಯದು.

ಅಂದರೆ ನಮ್ಮ ಹಂಚು ಕಾರ್ಖಾನೆಯ ಮೊದಲ ವರ್ಷದ್ದು! ಎರಡು ದಿನ ಇದೇ ಖುಷಿಯಲ್ಲಿದ್ದೆ.

ಮೇ ಕೊನೆಯ ವಾರ. ಇಂಟರ್ನೆಟ್ ಆರ್ಕೈವ್‌ನಿಂದ ಸ್ಟರಾಕ್ ಬರೆದ 1894ರ ಜಿಲ್ಲಾ ಕೈಪಿಡಿ, ಸೌತ್ ಕೆನರಾ ಮ್ಯಾನ್ಯುಅಲ್‌ನ ಮೊದಲ ಸಂಪುಟ ಇಳಿಸಿಕೊಂಡೆ. ‘ಟೈಲ್’ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ‘ಫರ್ಟೈಲ್’ ಎಂಬ ಪದವೂ ಬಂತು. ‘ಹೋಸ್ಟೈಲ್’ ಎಂಬುದೂ ಬಂತು. ಫಲವತ್ತಾದ ಗದ್ದೆ, ಹಗೆತನದ ಪಾಳೆಯಗಾರರು, ಎಲ್ಲರೂ ಈ ನಾಲ್ಕಕ್ಷರ ಹೊತ್ತುಕೊಂಡೇ ಓಡಾಡುತ್ತಾರೆ. ಬಹುವಚನದಲ್ಲಿ ಹುಡುಕಿ, ಮುಂದೆ ಒಂದು ಜಾಗ ಬಿಟ್ಟ ಮೇಲೆ ಕಾಟ ಕಡಿಮೆಯಾಯಿತು. ಇಂಪೀರಿಯಲ್ ಗೆಜೆಟಿಯರ್‌ನ 17ನೇ ಸಂಪುಟವನ್ನೂ ನೋಡಿದೆ. ಮಹಬೂಬಾಬಾದ್‌ನಿಂದ ಮೊರಾದಾಬಾದ್‌ವರೆಗಿನ ಊರುಗಳ ನಡುವೆ ಮಂಗಳೂರು ಕೂತಿದೆ. ಅದನ್ನು ಷಿಕಾಗೋ ವಿಶ್ವವಿದ್ಯಾಲಯದವರು ಆನ್‌ಲೈನಿನಲ್ಲಿ ಇಟ್ಟಿದ್ದಾರೆ, ಓದಲು ಆರಾಮ.

ನಿಜವಾಗಿ ಹೊತ್ತು ಹೋದದ್ದು ಬಾಸೆಲ್‌ನಲ್ಲಿರುವ ಮಿಶನಿನ ದಾಖಲೆ ಭಂಡಾರದ ಸೈಟಿನಲ್ಲಿ. ಹಳೆಯ ಫೋಟೋಗಳು, ನಕ್ಷೆಗಳು ರಾಶಿ ರಾಶಿ ಇವೆ. ಅನೇಕ ಫೋಟೋಗಳ ಮೂಲ ಶೀರ್ಷಿಕೆ ಜರ್ಮನ್. ಹಂಚಿಗೆ ಅವರು ‘ಝೀಗೆಲ್’ ಅನ್ನುತ್ತಾರೆ, ಇಟ್ಟಿಗೆಗೂ ಅದೇ ಪದ. ಕಾರ್ಖಾನೆಗೆ ‘ಝೀಗೆಲೈ’. ಈ ಒಂದು ಪದ ಕಲಿತ ಮೇಲೆ ಬಾಗಿಲು ತೆರೆದಂತಾಯಿತು. ಕೈಬರಹದ ಪತ್ರಗಳು ಮಾತ್ರ ಸೋಲಿಸಿದವು. ಹಳೆಯ ಜರ್ಮನ್ ಕೈಬರಹದಲ್ಲಿ ‘ಇ’ ಅಕ್ಷರ ‘ಎನ್’ ಥರ ಕಾಣುತ್ತದೆ. ಒಂದು ಸಾಲಿಗೆ ಒಂದು ಸಂಜೆ ಹೋಯಿತು, ಆಮೇಲೆ ಕೈಬಿಟ್ಟೆ.

ಆ ಫೋಟೋಗಳಿಂದ ಕಲಿತ ಒಂದು ಸಂಗತಿ ಮುಂದೆ ಕೆಲಸಕ್ಕೆ ಬಂತು. ಎಷ್ಟೋ ಫೋಟೋಗಳಿಗೆ ಅವರು ಒಂದೇ ತಾರೀಖು ಕೊಡುವುದಿಲ್ಲ. ಇಂಥ ವರ್ಷಕ್ಕಿಂತ ಮೊದಲಲ್ಲ, ಇಂಥ ವರ್ಷದ ನಂತರ ಅಲ್ಲ ಅಂತ ಎರಡು ತುದಿ ಕಟ್ಟುತ್ತಾರೆ. ನಾನು ಹಂಚಿಗೆ ಹಾಗೆ ಮಾಡಿರಲಿಲ್ಲ. ಅದರ ಮೇಲೆ ಏನಿತ್ತೋ ಅದನ್ನೇ ನಂಬಿದ್ದೆ.

ಜೂನ್ ಎರಡನೇ ವಾರ. ಊರಿಗೆ ಹೋಗಿ ರಾಶಿಯನ್ನು ಮುದ್ರೆಯ ಪ್ರಕಾರ ಬೇರೆ ಬೇರೆ ಮಾಡಿದೆ. ಮಳೆಯಲ್ಲೇ. ಮಾವ ಒಂದು ಮಾತೂ ಆಡದೆ ಕೊಡೆ ತಂದುಕೊಟ್ಟರು. ಬಾಸೆಲ್ ಹಂಚುಗಳ ನಡುವೆ ಆಲ್ಬುಕರ್ಕ್ ಕಂಪನಿಯವು ಹತ್ತೋ ಹನ್ನೆರಡೋ ಇದ್ದವು. ಅವುಗಳ ಮೇಲೆ 1868.

ಆಗ ತಲೆಗೆ ಹೊಳೆಯಿತು. ಆಲ್ಬುಕರ್ಕ್ ಕಾರ್ಖಾನೆ ಶುರುವಾದದ್ದೂ 1868ರಲ್ಲೇ! ಎರಡು ಕಂಪನಿ, ಎರಡರದ್ದೂ ಮೊದಲ ವರ್ಷದ ಹಂಚೇ ನಮ್ಮ ಮಾಡಿನ ಮೇಲೆ ಬಂದು ಕೂರುವುದೆಂದರೆ ಏನು? ಅಸಾಧ್ಯ. ಅದು ಹಂಚು ಸುಟ್ಟ ವರ್ಷ ಅಲ್ಲ, ಕಂಪನಿ ಹುಟ್ಟಿದ ವರ್ಷ. ಅಂಗಡಿ ಬೋರ್ಡಿನಲ್ಲಿ ‘ಸ್ಥಾಪನೆ’ ಅಂತ ಬರೆಸುತ್ತಾರಲ್ಲ, ಹಾಗೆ. ನಾಚಿಕೆಯಾಯಿತು. ಅಷ್ಟರಲ್ಲಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮ ಮನೆ 1865ರದ್ದು’ ಎಂದು ಸಾರಿಯಾಗಿತ್ತು.

ಹಾಗಾದರೆ ವರ್ಷ ಬಿಟ್ಟು ಹೆಸರು ಹಿಡಿಯೋಣ ಅಂದುಕೊಂಡೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಮಿಶನಿನಲ್ಲಿ ಜರ್ಮನರು ಜಾಸ್ತಿ ಇದ್ದರು. ಬ್ರಿಟಿಷ್ ಸರ್ಕಾರ ಅದರ ಉದ್ದಿಮೆಗಳನ್ನು ಶತ್ರು ಆಸ್ತಿ ಎಂದು ವಶಪಡಿಸಿಕೊಂಡಿತು. 1919ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಅವನ್ನು ನಡೆಸತೊಡಗಿತು. ಆದ್ದರಿಂದ ಬಾಸೆಲ್ ಹೆಸರಿನ ಹಂಚು ಹೆಚ್ಚುಕಡಿಮೆ ಅದಕ್ಕಿಂತ ಹಿಂದಿನದು. ಇದು ಮೇಲಿನ ತುದಿ.

ಕೆಳಗಿನ ತುದಿ ಕೊಟ್ಟದ್ದು ಅರ್ಧ ಒಡೆದ ಒಂದು ತುಂಡು. ಅದರಲ್ಲಿ ಮಿಶನಿನ ಹೆಸರಿನ ಜೊತೆ ‘ಮಲ್ಪೆ’ ಎಂದು ಓದಬಹುದು. ಜೆಪ್ಪು ಆದ ಮೇಲೆ ಕುದ್ರೋಳಿಯಲ್ಲಿ 1882ರಲ್ಲಿ, ಮಲ್ಪೆಯಲ್ಲಿ 1886ರಲ್ಲಿ ಕಾರ್ಖಾನೆ ಆಯಿತು. ಹಾಗಾಗಿ ಆ ತುಂಡಿನ ಮಟ್ಟಿಗೆ 1886ರಿಂದ 1919. ಮೂವತ್ತಮೂರು ವರ್ಷದ ಅಂತರ. 1865 ಎಂದು ಘಂಟಾಘೋಷವಾಗಿ ಹೇಳಿದ್ದಕ್ಕಿಂತ ಇದು ನನಗೆ ಇಷ್ಟವಾಯಿತು.

ಜುಲೈ. ಇದನ್ನೆಲ್ಲ ದೊಡ್ಡಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಅವರಿಗೆ ಎಂಬತ್ತನಾಲ್ಕು. ಪೂರ್ತಿ ಕೇಳಿ, “ಹಂಚಿನ ಮಾಡಾ? ನಾನು ಶಾಲೆಗೆ ಹೋಗುವಾಗ ಮುಳಿಹುಲ್ಲೇ ಇತ್ತಲ್ಲ. ಪ್ರತಿ ವರ್ಷ ಹೊದೆಸಬೇಕಿತ್ತು” ಎಂದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ದೊಡ್ಡಮ್ಮ ಶಾಲೆಗೆ ಹೋದದ್ದು 1950ರ ಆಚೀಚೆ. 1919ಕ್ಕೆ ಮೊದಲು ಸುಟ್ಟ ಹಂಚು ಅಲ್ಲಿಯವರೆಗೆ ಎಲ್ಲಿತ್ತು?

ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. ಹೊಳೆಯಾಚೆ ಯಾರದೋ ದೊಡ್ಡ ಮನೆ ಪಾಲಾಗಿ ಬಿಚ್ಚಿದರಂತೆ. ಅಜ್ಜ ಆ ಹಂಚನ್ನು ಕ್ರಯಕ್ಕೆ ತೆಗೆದುಕೊಂಡು ಗಾಡಿಯಲ್ಲಿ ತರಿಸಿದರಂತೆ. ಮಕ್ಕಳೆಲ್ಲ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. “ಒಂದು ನನ್ನ ಕಾಲ ಮೇಲೆ ಬಿತ್ತು, ಗುರುತು ಇದೆ ನೋಡು” ಎಂದರು. ಫೋನಿನಲ್ಲಿ ಹೇಗೆ ನೋಡುವುದು!

ಎರಡು ತಿಂಗಳು ಬಾಸೆಲ್, ಷಿಕಾಗೋ ಅಂತ ಸುತ್ತಿದವನು ದೊಡ್ಡಮ್ಮನಿಗೆ ಫೋನ್ ಮಾಡಿದ್ದು ಕೊನೆಗೆ. ಹಾಗಂತ ಸುತ್ತಿದ್ದು ದಂಡ ಅಂತ ಅನ್ನಿಸುವುದಿಲ್ಲ. 1919 ಗೊತ್ತಿಲ್ಲದಿದ್ದರೆ ದೊಡ್ಡಮ್ಮನ ಮಾತಿನಲ್ಲಿ ವಿಚಿತ್ರ ಏನೂ ಕಾಣುತ್ತಿರಲಿಲ್ಲ, ಮುಂದಿನ ಪ್ರಶ್ನೆ ಕೇಳುತ್ತಲೂ ಇರಲಿಲ್ಲ.

ಸದ್ಯಕ್ಕೆ ಇಷ್ಟು. ಇನ್ನು ಆ ದೊಡ್ಡ ಮನೆ ಯಾವುದು ಎಂದು ಹುಡುಕಬೇಕು. ಬಂಟ್ವಾಳದ ಹಳೆಯ ಸರ್ವೆ ನಕ್ಷೆಯ ಸ್ಕ್ಯಾನ್ ಹಿಡಿದು ಹೊಳೆಯಾಚೆಯ ಮನೆಗಳ ಗುರುತು ನೋಡುತ್ತಿದ್ದೇನೆ. ದೊಡ್ಡಮ್ಮ ಎರಡು ಹೆಸರು ಹೇಳಿದ್ದಾರೆ, ಆದರೆ ಒಂದು ದಿನ ಒಂದು, ಮರುದಿನ ಇನ್ನೊಂದು. ಮಲ್ಪೆಯ ತುಂಡನ್ನು ಬಾಲ್ಕನಿಯಲ್ಲಿ ಇಟ್ಟಿದ್ದೇನೆ. ಹಸಿ ಇದ್ದಾಗ ಯಾರೋ ಎತ್ತಿಟ್ಟಿರಬೇಕು, ಅಂಚಿನಲ್ಲಿ ಎರಡು ಬೆರಳಿನ ಗುರುತಿದೆ. ನನ್ನ ಬೆರಳಿಗಿಂತ ಸಣ್ಣವು.